ಖೀಮಾಕ್ಕೆ ಎಸರು

ಗೋವಾದ ಪರ್ವರಿಯ ಮೂರು ಮನೆಗಳಲ್ಲಿ ಹದಿನಾರು ವರ್ಷದಿಂದ ಪಾತ್ರೆ ತೊಳೆಯುತ್ತ ಬಂದ ಚಂದವ್ವನಿಗೆ ಹಂದಿಮಾಂಸದ ವಾಸನೆ ಹೊಸತೇನಲ್ಲ. ಆದರೆ ಅದು ತನ್ನ ಮನೆಯ ಹೊಸ್ತಿಲು ದಾಟಿದ್ದು ಇದೇ ಮೊದಲು. ತಂದವಳು ಮಗಳು ಜಯಶ್ರೀ.

ಜಯಶ್ರೀ ಸಮುದ್ರದ ದಂಡೆಯ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಕಲಿಯುತ್ತಿದ್ದಳು. ಕಲಿಯುವವರು ನಾಲ್ವರು, ಕಾಯಂ ಜಾಗ ಒಂದೇ. ದೊಡ್ಡ ಶೆಫ್ ನಾಲ್ವರಿಗೂ ಒಂದೇ ಕೆಲಸ ಕೊಟ್ಟಿದ್ದರು: ಟಿನ್ನಿನಲ್ಲಿ ಬರುತ್ತದಲ್ಲ, ಚಾಕು ಇಟ್ಟರೆ ನುಣ್ಣಗೆ ಹೋಳಾಗುವ ಲಂಚನ್ ಮೀಟ್, ಅದನ್ನು ಮನೆಯಲ್ಲೇ ಮಾಡಿ ಸೋಮವಾರ ತರಬೇಕು. ಯಾರದು ಚೆನ್ನಾಗಿರುತ್ತದೋ ಅವರಿಗೆ ಜಾಗ.

ಭಾನುವಾರ ಬೆಳಿಗ್ಗೆ ಜಯಶ್ರೀ ಮಾಂಸವನ್ನು ಕೊಬ್ಬಿನ ಸಮೇತ ಅರೆದಳು. ಅರೆಯುವ ಯಂತ್ರ ಮನೆಯೊಡತಿ ಇನಾಸಿನಾ ಬಾಯಿಯದು, ಫ್ರಿಜ್ಜೂ ಅವಳದೇ. ಉಪ್ಪು, ಸಕ್ಕರೆ, ಮೆಣಸು, ಜಾಯಿಕಾಯಿ, ಸ್ವಲ್ಪ ಕಾರ್ನ್‌ಫ್ಲೋರ್ ಬೆರೆಸಿದಳು. ಅರ್ಧ ಕಿಲೋ ಇಡಿಯ ಮಾಂಸವನ್ನು ಬೇಕಾದೀತೆಂದು ಬೇರೆಯಾಗಿ ಎತ್ತಿಟ್ಟು, ಅದನ್ನೂ ಖೀಮಾದ ಬೋಗುಣಿಯನ್ನೂ ಫ್ರಿಜ್ಜಿನಲ್ಲಿಟ್ಟಳು. ಅಷ್ಟರಲ್ಲಿ ಪಾಳಿಯ ಹೊತ್ತಾಯಿತು.

"ಯವ್ವಾ, ಮೂರಕ್ಕ ಹೊರಗ ತಗಿ. ಅರ್ಧ ಬಟ್ಲ ನೀರ ಹಾಕಿ ಛಲೋತ್ನ್ಯಾಗ ನಾದು. ಕೈಗೆ ಅಂಟಬೇಕ್ ನೋಡು. ಆಮ್ಯಾಲೆ ಡಬ್ಬ್ಯಾಗ ಒತ್ತಿ ತುಂಬಿ ಉಗಿಗೆ ಇಡು."

"ನಾದೂದು ನನಗ ಕಲಿಸ್ತಿಯೇನಲೇ? ನೀ ಹೋಗು."

ಮುಟ್ಟಲು ಮನಸ್ಸು ಹಿಂಜರಿಯಿತು. ಆದರೂ ಮೂರು ಗಂಟೆಗೆ ಸರಿಯಾಗಿ ಚಂದವ್ವ ಬೋಗುಣಿ ತೆಗೆದಳು. ಬೆರಳು ಸೆಟೆದುಹೋಗುವಷ್ಟು ತಣ್ಣಗಿತ್ತು. ಇಷ್ಟು ತಣ್ಣಗಿದ್ದರೆ ಜಿಗಿ ಬರುವುದೆಲ್ಲಿಂದ ಅಂದುಕೊಂಡಳು. ಜೋಳದ ಹಿಟ್ಟಿಗೆ ಎಸರಿಡದೆ ರೊಟ್ಟಿ ತಟ್ಟಿದರೆ ಬಿರಿಯುವುದಿಲ್ಲವೇ? ನಾದುವ ನೀರೆಂದರೆ ಕುದಿಯುವ ನೀರು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳ ಕೈಗೇ ಗೊತ್ತಿತ್ತು. ಅರ್ಧ ಬಟ್ಟಲು ನೀರು ಕುದಿಸಿ ಸುರಿದಳು, ಮೈಮುರಿದು ನಾದಿದಳು. ಕೈಯೆಲ್ಲ ಜಿಡ್ಡಾಯಿತು. ಅಂಟು ಬಂತು ಎಂದು ಖುಷಿಪಟ್ಟು ಡಬ್ಬಿಗೆ ತುಂಬಿ ಉಗಿಗಿಟ್ಟಳು.

ಸಂಜೆ ಜಯಶ್ರೀ ಬಂದು ಡಬ್ಬಿ ಮಗುಚಿದಾಗ ಮೊದಲು ಎಣ್ಣೆ ಸುರಿಯಿತು. ಅದರ ಹಿಂದೆ ಮಾಂಸ ಒದ್ದೆ ಮರಳಿನಂತೆ ಉದುರಿ ಬಿತ್ತು.

ಜಯಶ್ರೀ ನೆಲಕ್ಕೆ ಕೂತಳು. "ಏನೋ ಲೆಕ್ಕ ತಪ್ಪೇತಿ. ಕೊಬ್ಬ ಹೆಚ್ಚಾತೋ ಏನೋ. ನಾ ನಾಳೆ ಹೋಗೂದಿಲ್ಲ ಯವ್ವಾ. ಉಳಿದ ಮೂರೂ ಮಂದಿ ಇದನ್ನ ತಿಂದು ಬೆಳದವ್ರು. ನಮಗ ಇದರ ರುಚೀನ ಗೊತ್ತಿಲ್ಲ, ನಾ ಏನ್ ಮಾಡ್ಲಿ?"

"ಮಾಂಸಾನ ಛಲೋ ಇರ್ಲಿಲ್ಲೇನೋ," ಎಂದಳು ಚಂದವ್ವ. ಮಾತು ತಾನಾಗಿಯೇ ಬಾಯಿಂದ ಜಾರಿತ್ತು.

"ಇಲ್ಲಬೇ, ಮಾಂಸ ಛಲೋ ಇತ್ತು. ನನಗ ಈ ಕೆಲಸ ಬರೂದಿಲ್ಲ, ಅಷ್ಟ."

ಚಂದವ್ವ ಪಾತ್ರೆ ಉಜ್ಜಲು ಕೂತಳು. ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು. ಬೇರೆಯವರ ಮನೆಯಲ್ಲಿ ಲೋಟ ಒಡೆದಾಗ ಸುಮ್ಮನಿದ್ದು ಬಚಾವಾದದ್ದುಂಟು. ಆದರೆ ಇಲ್ಲಿ ತಾನು ಸುಮ್ಮನಿದ್ದರೆ ಮಗಳು ನಾಳೆಯಷ್ಟೇ ಅಲ್ಲ, ಇನ್ನೆಂದೂ ಅವಳ ಕೈಯನ್ನು ಅವಳೇ ನಂಬಲಾರಳು.

"ಜಯಾ, ನಾ ಎಸರ ಹಾಕಿದ್ನಿ."

"ಏನ್ ಹಾಕಿದಿ?"

"ಕುದಿಯೂ ನೀರ. ರೊಟ್ಟಿ ಹಿಟ್ಟಿಗೆ ಹಾಕ್ತೀವಲ್ಲ, ಹಂಗ."

ಜಯಶ್ರೀ ತಾಯಿಯ ಮುಖವನ್ನೇ ನೋಡಿದಳು. "ಖೀಮಾಕ್ಕ ಎಸರು! ಯವ್ವಾ, ಬಿಸಿ ತಾಗಿದ್ರ ಕೊಬ್ಬ ಕರಗಿ ಹೋಗ್ತೈತಿ. ಐಸ್ ನೀರ ಹಾಕಬೇಕ್ರೀ ತಾಯಿ, ಐಸ್ ನೀರು!"

"ನೀ ನೀರು ಅಂದಿ. ಎಂಥಾ ನೀರು ಅಂತ ಎಲ್ಲಿ ಹೇಳ್ದಿ?"

ಜಯಶ್ರೀ ಹಣೆ ಚಚ್ಚಿಕೊಂಡಳು. ಸಿಟ್ಟು ಬಂದಿತ್ತು, ನಗೆಯೂ ಬಂದಿತ್ತು. ಕಣ್ಣಲ್ಲಿ ನೀರೂ ಇತ್ತು. "ಖರೇನ ಹೇಳ್ಲಿಲ್ಲ ನೋಡು," ಎಂದು ಎದ್ದು ಇನಾಸಿನಾ ಬಾಯಿಯ ಬಾಗಿಲು ತಟ್ಟಿದಳು. ಎತ್ತಿಟ್ಟ ಅರ್ಧ ಕಿಲೋ ಇನ್ನೂ ಫ್ರಿಜ್ಜಿನಲ್ಲೇ ಇತ್ತು.

ಅದನ್ನು ಅರೆದು ಉಪ್ಪು-ಮೆಣಸೆಲ್ಲ ಬೆರೆಸಿ, ಈ ಸಲ ಬೋಗುಣಿಯನ್ನು ಐಸ್ ತುಂಬಿದ ಬುಟ್ಟಿಯಲ್ಲಿಟ್ಟರು. ಜಯಶ್ರೀಯ ಕೈ ನಾಲ್ಕೇ ನಿಮಿಷಕ್ಕೆ ಕೆಂಪಾಗಿ ಮರಗಟ್ಟಿತು.

"ಸರಿ ಅತ್ಲಾಗ," ಎಂದಳು ಚಂದವ್ವ.

"ಥಂಡಿ ಭಾಳ ಐತಿ ಬೇ."

"ಈ ಕೈ ಏನೇನ್ ನೋಡೇತಿ ನಿನಗೇನ್ ಗೊತ್ತು? ನೀ ನೀರ ಹಾಕು, ಸ್ವಲ್ಪ ಸ್ವಲ್ಪ."

ಚಂದವ್ವ ನಾದಿದಳು. ಬೆರಳಿನಲ್ಲಿ ಸ್ಪರ್ಶವೇ ಉಳಿಯದಾದಾಗ ಮುಂಗೈಯಿಂದ ಒತ್ತಿದಳು. ಸ್ವಲ್ಪ ಹೊತ್ತಿಗೆ ಖೀಮಾ ಬೋಗುಣಿಯ ಅಂಚು ಬಿಟ್ಟು ಒಂದೇ ಮುದ್ದೆಯಾಗಿ ಅಂಗೈಗೆ ಅಂಟಿತು. ಕೈ ತಲೆಕೆಳಗು ಮಾಡಿದರೂ ಬೀಳಲಿಲ್ಲ. "ಇದನ್ನ ಹೇಳಿದ್ದು ನಾ!" ಎಂದು ಜಯಶ್ರೀ ಕೂಗಿದಳು. ಗಾಳಿ ಉಳಿಯದಂತೆ ಡಬ್ಬಿಯಲ್ಲಿ ಒತ್ತಿ ತುಂಬಿ, ಒಂದೂವರೆ ತಾಸು ಉಗಿಯಲ್ಲಿ ಬೇಯಿಸಿ, ಮೇಲೆ ಭಾರ ಹೇರಿ ಫ್ರಿಜ್ಜಿಗೆ ಸೇರಿಸಿದರು.

ಬೆಳಿಗ್ಗೆ ಡಬ್ಬಿ ಮಗುಚಿದರೆ ಗುಲಾಬಿ-ಬೂದು ಬಣ್ಣದ ಇಟ್ಟಿಗೆಯೊಂದು ಮೆಲ್ಲಗೆ ಜಾರಿ ಬಂತು. ತೂತಿಲ್ಲ, ಬಿರುಕಿಲ್ಲ. ಎರಡು ಹೋಳು ಹಂಚಿನ ಮೇಲೆ ಚುರುಗುಟ್ಟಿ ಅಂಚು ಕೆಂಪಾದವು. ಇನಾಸಿನಾ ಬಾಯಿ ಅವನ್ನು ಬಿಸಿ ಪಾವ್ ಬ್ರೆಡ್ಡಿನೊಳಗಿಟ್ಟು ಕಣ್ಣು ಮುಚ್ಚಿ ಅಗಿದಳು. ತಾಯಿ ಮಗಳು ಉಸಿರು ಬಿಗಿಹಿಡಿದು ಅವಳ ದವಡೆಯನ್ನೇ ನೋಡುತ್ತಿದ್ದರು.

"ಬೊರೆಂ ಜಾಲಾಂ," ಎಂದಳು ಬಾಯಿ, ಚೆನ್ನಾಗಿ ಆಗಿದೆ ಎಂದು. "ಉಪ್ಪು ಒಂದು ಚಿಟಿಕೆ ಕಡಿಮೆ. ಆದರೆ ಇನ್ನೊಂದು ಹೋಳು ಕೊಡು."

ಜಯಶ್ರೀ ಹಂಚಿನ ಮೇಲಿನ ಚೂರೊಂದನ್ನು ಬಾಯಿಗಿಟ್ಟುಕೊಂಡಳು. ಹುಟ್ಟಿದಂದಿನಿಂದ ಮೊದಲ ಸಲ. ಚಂದವ್ವ ಬೇಡ ಎನ್ನಲಿಲ್ಲ.

"ಹೆಂಗೈತಿ?"

"ಮೆತ್ತಗೈತಿ. ಮೆಣಸ ನಾಲಿಗಿಗೆ ಹತ್ತಾಕತ್ತೇತಿ. ಬಾಯಿ ಅಂದದ್ದು ಖರೆ, ಉಪ್ಪ ಕಡಿಮಿ." ಮತ್ತೊಂದು ಚೂರು ಬಾಯಿಗೆ ಹೋಯಿತು. "ಶೆಫ್ ಕೇಳಿದ್ರ ಹೇಳ್ತೀನಿ, ಮುಂದಿನ ಸಲ ಒಂದ್ ಚಿಟಿಕಿ ಹೆಚ್ಚು ಅಂತ."

ಉಳಿದದ್ದನ್ನು ಬಾಳೆಲೆಯಲ್ಲಿ ಸುತ್ತಿ ಚೀಲಕ್ಕಿಟ್ಟುಕೊಂಡು ಅವಳು ಬಸ್ಸಿಗೆ ಓಡಿದಳು. ಹೋಗಲೋ ಬೇಡವೋ ಎಂದು ಯಾರನ್ನೂ ಕೇಳಲಿಲ್ಲ.