ಈ ಕೋಣೆಯಲ್ಲಿ ಆಡಿದ್ದೆಲ್ಲ

ಮೇಜಿನ ಮೇಲೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಗರ್ಭಕೋಶ, ನಡುವೆ ಸೀಳಿ ತೆರೆದಿಟ್ಟದ್ದು. ಅದರ ಪಕ್ಕದಲ್ಲಿ ಮುಚ್ಚಳ ಹಾಕಿದ ನೀರಿನ ಲೋಟ. ಪರದೆಯ ಸಂದಿನಿಂದ ಬಿದ್ದ ಬೆಳಕಿನ ಪಟ್ಟಿಯೊಂದು ಲೋಟವನ್ನು ದಾಟಿ, ಮೇಜಿನ ಅಂಚಿನಲ್ಲಿ ಬಾಗಿ, ಹೆಂಗಸೊಬ್ಬಳ ಮಡಿಲಿನವರೆಗೆ ಇಳಿದಿತ್ತು. ಅಲ್ಲಿ ಎರಡು ಕೈಗಳು. ಒಂದರ ಮೇಲೊಂದು, ಅಂಗೈ ಮೇಲಾಗಿ, ಯಾರೋ ಇಟ್ಟು ಮರೆತು ಹೋದಂತೆ. ಅವು ದಿವ್ಯಾಳ ಕೈಗಳು. ಕಿವಿ ಕೇಳದ ಅವಳು ಮಾತಾಡುವುದು ಅವುಗಳಿಂದಲೇ. ಈಗ ಅವು ಮೌನವಾಗಿದ್ದವು.

ಎದುರಿಗೆ, ಡಾಕ್ಟರ ಪಕ್ಕದ ಕುರ್ಚಿಯಲ್ಲಿ ಕುಳಿತ ಕವನಾ ತನ್ನ ಕೈಗಳನ್ನು ತೊಡೆಗೆ ಒತ್ತಿಕೊಂಡಿದ್ದಳು.

ಬರುವ ಭಾನುವಾರ ಅವಳಿಗೆ ಸನ್ನೆ ಭಾಷೆಯ ದುಭಾಷಿ ಪರೀಕ್ಷೆ. ಸನ್ನೆಗಳ ಬಗ್ಗೆ ಅಳುಕಿರಲಿಲ್ಲ; ಅವ್ವ ಮಾರಮ್ಮನಿಗೂ ಕಿವಿ ಕೇಳದು, ಕವನಾ ಮೊದಲ ಮಾತು ಕಲಿತದ್ದೇ ಕೈಯಲ್ಲಿ. ಹೆದರಿಸಿದ್ದು ನೀತಿಯ ಪ್ರಶ್ನೆಗಳು. ಬೀರುವಿನ ಕನ್ನಡಿಯ ಮುಂದೆ ನಿಂತು ತಾನೇ ಕೇಳಿ ತಾನೇ ಉತ್ತರಿಸುತ್ತಿದ್ದಳು. ಕೋಣೆಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಹೇಳಬೇಕೆ? ಎಲ್ಲವನ್ನೂ, ಪಿಸುಮಾತು, ಬೈಗುಳ, ಬರಿಯ ಸದ್ದನ್ನು ಕೂಡ. ಕಿವಿ ಕೇಳದವರು ಕೈಯಲ್ಲಿ ‘ನಾನು’ ಎಂದರೆ ದುಭಾಷಿ ಬಾಯಲ್ಲಿ ಏನೆನ್ನಬೇಕು? ‘ನಾನು’ ಎಂದೇ. ತನಗೆ ತಿಳಿದದ್ದನ್ನು ತಾನಾಗಿ ಸೇರಿಸಬಹುದೆ? ಕೂಡದು. ತನ್ನ ಮನೆ ಯಾರ ಹಂಗಿನಲ್ಲಿದೆಯೋ ಅವರೇ ಕರೆದರೆ? ಒಪ್ಪಿಕೊಳ್ಳಬಾರದು.

ಕೊನೆಯ ಉತ್ತರವನ್ನು ಅವಳು ಆ ಬೆಳಿಗ್ಗೆಯೇ ಮೀರಿದ್ದಳು. ಮಲ್ಲಿಪಟ್ಟಣದ ಅನಿಲ್‌ಕುಮಾರ್ ಬಾಗಿಲಿಗೆ ಕಾರು ತಂದು, ತಂಗಿ ದಿವ್ಯಾಳನ್ನು ಹಾಸನದ ನರ್ಸಿಂಗ್ ಹೋಮಿಗೆ ತೋರಿಸಬೇಕು, ಕವನಾ ಬರಲಿ ಎಂದಾಗ, ಅಪ್ಪ ಚೆನ್ನಯ್ಯ ಮಗಳ ಮುಖ ನೋಡದೆ ಅವಳ ಚಪ್ಪಲಿ ತಂದಿಟ್ಟಿದ್ದ. ಅವನು ದುಡಿಯುವುದು ಅನಿಲ್‌ಕುಮಾರನ ತೆಂಗಿನ ತೋಟದಲ್ಲಿ. ಅವನೆದುರು ಅಪ್ಪ ಒಂದು ಉಸಿರಿಗಿಂತ ಉದ್ದದ ಮಾತಾಡಿದ್ದನ್ನು ಕವನಾ ಕೇಳಿರಲಿಲ್ಲ.

ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ, ದಿವ್ಯಾ ಮೆಲ್ಲಗೆ ಬೆರಳಾಡಿಸಿ ತನ್ನ ಗುಟ್ಟು ಹೇಳಿದ್ದಳು. ಚನ್ನರಾಯಪಟ್ಟಣದಲ್ಲಿ ಒಬ್ಬ ಟೈಲರ್ ಇದ್ದಾನೆ, ಅವನಿಗೂ ಕಿವಿ ಕೇಳದು. ಮದುವೆಯಾದರೆ ಮಕ್ಕಳು ಎರಡು. ಆ ಎರಡು ಬೆರಳುಗಳನ್ನು ಅವಳು ತುಸು ಹೊತ್ತು ಹಾಗೆಯೇ ಹಿಡಿದಿದ್ದಳು. ಗೊರೂರು ದಾಟುವಾಗ ಅನಿಲ್‌ಕುಮಾರ್ ಮುಂದಿನ ಕನ್ನಡಿಯಲ್ಲಿ ಕವನಾಳನ್ನು ನೋಡಿ ನಕ್ಕ. “ಓದಿರೋಳು ಅಂತ ಎಲ್ಲಾನೂ ಒದರ್ಬ್ಯಾಡ ಕಣಮ್ಮಿ. ನಾನು ಏಳ್ದಷ್ಟು ಮಾಡು. ನಿಮ್ಮಪ್ಪಂಗೂ ನೆಮ್ದಿ.”

ಡಾಕ್ಟರ್ ಗಂಗಾಂಬಿಕೆ ಮಾದರಿಯನ್ನು ಮುಂದಕ್ಕೆಳೆದು ವಿವರಿಸತೊಡಗಿದರು. ರಕ್ತಸ್ರಾವ ಹೆಚ್ಚಿದೆ, ಮೊದಲು ಕೆಲವು ತಿಂಗಳು ಮಾತ್ರೆ ಕೊಟ್ಟು ನೋಡಬಹುದು. ಕವನಾಳ ಕೈ ವಾಕ್ಯ ಮುಗಿಸುವ ಮೊದಲೇ ದಿವ್ಯಾ ಹೌದೆಂದು ತಲೆಯಾಡಿಸುತ್ತಿದ್ದಳು. ಕಿವಿ ಕೇಳುವವರ ಮುಂದೆ ಅದು ಅವಳ ಬಹುಕಾಲದ ಅಭ್ಯಾಸ. ಆಡಿಸಿದರೆ ಬೇಗ ಬಿಟ್ಟುಬಿಡುತ್ತಾರೆ.

“ಮಾತ್ರೆ ಗೀತ್ರೆ ಬ್ಯಾಡ ಮೇಡಂ, ಗರ್ಭಕೋಶಾನೇ ತೆಗ್ದುಬುಡಿ,” ಎಂದ ಅನಿಲ್‌ಕುಮಾರ್. “ಒಪ್ಕಂಡವ್ಳೆ, ನೋಡಿ, ತಲೆ ಆಡುಸ್ತಾವ್ಳೆ. ಮುಂದಕ್ಕೆ ಮಕ್ಳಾಗಕಿಲ್ಲ ಅನ್ನೋದ್ನ ಮಾತ್ರ ಇವ್ಳಿಗೆ ಏಳ್ಬ್ಯಾಡಿ. ಗಡ್ಡೆ ಅಂದ್ರೆ ಸಾಕು.”

ಡಾಕ್ಟರ್ ಕವನಾಳತ್ತ ನೋಡಿದರು. ದಿವ್ಯಾ ಅಣ್ಣನ ತುಟಿಯಿಂದ ಕಣ್ಣು ಕಿತ್ತು ಅವಳತ್ತಲೇ ನೋಡಿದಳು; ಮುಗುಳ್ನಗೆಯಿತ್ತು, ತಲೆ ಇನ್ನೂ ಆಡುತ್ತಿತ್ತು.

ಕವನಾಳಿಗೆ ತೋಟದಲ್ಲಿ ಬಗ್ಗಿ ಗರಿ ಎಳೆಯುತ್ತಿರುವ ಅಪ್ಪನ ಬೆನ್ನು ಕಂಡಿತು. ಮಾತು ಕೇಳಿಸಲೇ ಇಲ್ಲವೆಂಬಂತೆ ಕೂರಬಹುದಿತ್ತು. ಹಾಗೆ ಕುಳಿತದ್ದು ಈ ಕೋಣೆಯಲ್ಲಿ ದಿವ್ಯಾಳಿಗೆ ಮಾತ್ರ ಎಂದೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಬೇಕಾದವಳು ಅವಳೊಬ್ಬಳೇ.

ತೊಡೆಯಿಂದ ಕೈಗಳು ಎದ್ದವು. ಹೇಳಿದವು: ಮಾತ್ರೆ ಬೇಡ, ಗರ್ಭಕೋಶವನ್ನೇ ತೆಗೆಯಿರಿ. ಅವಳು ಒಪ್ಪಿದ್ದಾಳೆ, ನೋಡಿ, ತಲೆ ಆಡಿಸುತ್ತಿದ್ದಾಳೆ. ಮುಂದೆ ಮಕ್ಕಳಾಗುವುದಿಲ್ಲ ಎಂಬುದನ್ನು ಅವಳಿಗೆ ಹೇಳಬೇಡಿ. ಗಡ್ಡೆ ಎಂದರೆ ಸಾಕು.

ಆಡುತ್ತಿದ್ದ ತಲೆ ನಡುವೆಯೇ ನಿಂತಿತು.

ಆಮೇಲೆ ದಿವ್ಯಾಳ ಕೈಗಳು ಮಡಿಲು ಬಿಟ್ಟು ಹಾರಿದವು. ಅವು ಹೇಳಿದ್ದನ್ನು ಈಗ ಕವನಾ ಬಾಯಿಬಿಟ್ಟು ಹೇಳಬೇಕಿತ್ತು, ಚೆನ್ನಯ್ಯನ ಮಗಳ ಬಾಯಲ್ಲಿ, ಅನಿಲ್‌ಕುಮಾರನ ಮುಖಕ್ಕೆ. ಹೊರಟ ದನಿ ಅವಳಿಗೇ ಗುರುತು ಸಿಗದಷ್ಟು ತೆಳುವಾಗಿತ್ತು.

“ಅಣ್ಣ, ನನ್ನ ಕೇಳ್ದೆ ನೀನ್ಯಾಕೆ ಒಪ್ಕೊಂಡೆ? ನಾನು ತಿಳ್ದು ತಲೆ ಆಡಿಸ್ಲಿಲ್ಲ. ತೆಗಿಯೋದು ಬೇಡ. ನಂಗೆ ಮಕ್ಳು ಬೇಕು.”

ಅವನು ತಂಗಿಯನ್ನು ನೋಡಲಿಲ್ಲ. ನೋಡಿದ್ದು ಕವನಾಳನ್ನು.

ಡಾಕ್ಟರ್ ಮಾದರಿಯ ಎರಡು ಹೋಳುಗಳನ್ನು ಕೂಡಿಸಿ ಬದಿಗಿಟ್ಟರು. ನೇರ ದಿವ್ಯಾಳ ಮುಖ ನೋಡುತ್ತ, ಮಾತ್ರೆಯಿಂದಲೇ ಶುರು ಮಾಡೋಣ, ಬೇರೇನಿದ್ದರೂ ನಿನ್ನನ್ನು ಕೇಳಿಯೇ ಎಂದರು. ಕವನಾ ಅದನ್ನು ಹೇಳಿದಳು.

ಅನಿಲ್‌ಕುಮಾರ್ ಕಾರಿನ ಕೀ ಎತ್ತಿಕೊಂಡು ಎದ್ದ. ದನಿ ಏರಿಸಲಿಲ್ಲ. “ನಾಳಿಂದ ನಿಮ್ಮಪ್ಪ ತ್ವಾಟದ ಕಡೆ ತಲೆ ಆಕ್ಬಾರ್ದು. ಇಲ್ಲ, ನಾಳಿಂದ ಯಾಕೆ, ಈಗ್ಲೇ ಓಗಿ ನಾನೇ ಏಳ್ತೀನಿ. ಇದ್ನೂ ಮಾಡಿ ತೋರ್ಸು ಅವ್ಳಿಗೆ.”

ಅವಳು ಅದನ್ನೂ ಮಾಡಿ ತೋರಿಸಿದಳು. ಅಪ್ಪ ಎಂಬಲ್ಲಿ ಕೈ ಒಮ್ಮೆ ತಡವರಿಸಿತು. ಕಾರು ತಾನು ಹಿಡಿಯಬೇಕಾದ ಬಸ್ಸಿಗಿಂತ ಮೊದಲು ಊರು ಮುಟ್ಟುತ್ತದೆ. ಅಪ್ಪ ಇನ್ನೂ ತೋಟದಲ್ಲೇ ಇರುತ್ತಾನೆ, ಒಬ್ಬನೇ.

ಬಾಗಿಲು ಅವನ ಹಿಂದೆ ಧಡ್ಡನೆ ಮುಚ್ಚಿಕೊಂಡಿತು. ಲೋಟದ ನೀರು ಅಲುಗಿತು. ದಿವ್ಯಾಳ ಬೆನ್ನು ಅತ್ತ ಇತ್ತು. ಅವಳ ಕಣ್ಣು ಕವನಾಳ ಕೈ ಬಿಟ್ಟಿರಲಿಲ್ಲ. ಕವನಾ ಎರಡು ಅಂಗೈಗಳನ್ನು ಎದೆಯ ಮುಂದೆ ತಂದು, ಅಂಚಿಗೆ ಅಂಚು ಕೂಡಿಸಿ, ಬಾಗಿಲಿನ ಆ ಸದ್ದನ್ನೂ ಅವಳಿಗೆ ಹೇಳಿದಳು.