ರೊಟ್ಟಿ ಹಂಚಿನ ಮೇಲಿನ ಮುಳ್ಳು

"ಗೇಜ್ ಕುಂದ್ರಿಸಿದ ಮ್ಯಾಲ ಮೇಜಿಗೆ ಕೈ ಹಚ್ಚಬ್ಯಾಡ ತಂಗಿ, ಅದರ ಮುಳ್ಳು ಸುಳ್ಳು ಹೇಳ್ತೈತಿ" ಎಂದ ಕಾಶಪ್ಪ.

ನೇತ್ರಾ ತಟ್ಟನೆ ಕೈ ಹಿಂದೆ ತೆಗೆದಳು. ಮುಂಬಯಿಯ ಮುಲುಂಡಿನ ಆ ಪುಟ್ಟ ಫ್ಲ್ಯಾಟಿನಲ್ಲಿ ಕಿಟಕಿಗೆ ಹತ್ತಿದ ಮೇಜು, ಅದರ ಮೇಲೆ ಹೊಲಿಗೆ ಯಂತ್ರಕ್ಕಿಂತ ತುಸು ದೊಡ್ಡದಾದ ಅವಳ ಕೆತ್ತನೆ ಮಶೀನು. ಕಂಪ್ಯೂಟರ್ ಹೇಳಿದಂತೆ ಓಡಾಡಿ ಹಿತ್ತಾಳೆಯ ಮೇಲೆ ಹೆಸರು ಕೊರೆಯುವುದು ಅದರ ಕೆಲಸ. ದಸರೆಯವರೆಗೆ ಚೆನ್ನಾಗಿಯೇ ಕೊರೆದಿತ್ತು. ಆಮೇಲೆ ಏನಾಯಿತೋ, ಅಕ್ಷರಗಳೆಲ್ಲ ದಪ್ಪಗಾಗಿ ಒತ್ತುಗಳು ಮುಚ್ಚಿಹೋದವು, ಸೂಜಿಯಂಥ ಮೊನೆಗಳು ಒಂದರ ಹಿಂದೊಂದು ಮುರಿದವು. ಇಂಗ್ಲಿಷ್ ಹೆಸರಾದರೆ ಹೇಗೋ ದಾಟಿಸಬಹುದಿತ್ತು. ಅವಳ ಹತ್ತಿರ ಬರುವವರೆಲ್ಲ ಕನ್ನಡದವರು. ಸಿದ್ದಪ್ಪ, ಚೆನ್ನಮ್ಮ, ವಿಶ್ವೇಶ್ವರ, ಒತ್ತಿಲ್ಲದ ಹೆಸರು ಹುಡುಕಿದರೂ ಸಿಗದು.

ಗಂಡ ಸಂತು ಕೆಟ್ಟವನಲ್ಲ. ಎರಡು ತಿಂಗಳು ನೋಡಿ, "ನೀ ದಿನಾ ಅಳೂದು ನೋಡಾಕ ಆಗವಲ್ದು" ಎಂದು ಮಶೀನಿನ ಫೋಟೋ ತೆಗೆದು ಮಾರಾಟಕ್ಕೆ ಹಾಕಿದ್ದ. ಇವತ್ತು ನಾಲ್ಕು ಗಂಟೆಗೆ ಪಕ್ಕದ ಠಾಣೆ ಪಟ್ಟಣದಿಂದ ಗಿರಾಕಿ ಬರುವವನಿದ್ದ. ಎಂಟು ತಿಂಗಳು ವಿಡಿಯೋ ನೋಡಿ ನೋಡಿ ಒಬ್ಬಳೇ ಕಲಿತ ಕೆಲಸ ಅದು. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನೇತ್ರಾ ತನ್ನದು ಎಂದು ಹೇಳಿಕೊಂಡ ಮೊದಲ ವಸ್ತು ಈ ಮಶೀನು. ಅದು ಹೋಗುತ್ತದೆಂದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಅತ್ತೆ ಬಸಲಿಂಗವ್ವನೇ ಬೆಳಿಗ್ಗೆ ತಮ್ಮೂರ ಕಡೆಯ ಕಾಶಪ್ಪನಿಗೆ ಫೋನ್ ಹಚ್ಚಿ ಕರೆಸಿದ್ದಳು.

ಕಾಶಪ್ಪ ಭಾಂಡುಪಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ಫಿಟರ್ ಆಗಿದ್ದವನು. ಆ ಜಾಗದಲ್ಲಿ ಈಗ ಇಪ್ಪತ್ತೆರಡು ಮಹಡಿಯ ಟವರ್ ಎದ್ದಿದೆ. ವಯಸ್ಸಿಗೆ ಅವನ ಕೈ ನಡುಗುತ್ತಿತ್ತು. ಬಸಲಿಂಗವ್ವ ಕೊಟ್ಟ ಚಹಾದಲ್ಲಿ ಅರ್ಧ ಬಸಿಗೆ ಚೆಲ್ಲಿತ್ತು. ಇಂಥ ಕೈ ನನ್ನ ಮಶೀನನ್ನು ಏನು ಸರಿ ಮಾಡೀತು ಎಂದು ನೇತ್ರಾ ಒಳಗೊಳಗೇ ಕುಗ್ಗಿದ್ದಳು. ಆದರೆ ಆತ ಸುತ್ತಿ ತಂದಿದ್ದ ಹಳೆಯ ಲುಂಗಿಯ ತುಂಡು ಬಿಚ್ಚಿ, ಕೂದಲೆಳೆಯಷ್ಟು ಓರೆಯನ್ನೂ ಅಳೆಯುವ ಗಡಿಯಾರದಂಥ ಡಯಲ್ ಗೇಜನ್ನು ಹಸುಗೂಸಿನ ತಲೆಗೆ ಕೈಕೊಟ್ಟು ಎತ್ತುವಂತೆ ಎತ್ತಿಕೊಂಡದ್ದು ನೋಡಿ ಸುಮ್ಮನಾದಳು.

ಗೇಜಿನ ಕಾಲಿನಲ್ಲಿ ಅಯಸ್ಕಾಂತವಿತ್ತು. ಮಶೀನೋ ಪೂರ್ತಿ ಅಲ್ಯುಮಿನಿಯಂ, ಮೇಜು ಕಟ್ಟಿಗೆಯದು. ಕಚ್ಚಿಕೊಳ್ಳಲು ಜಾಗವೇ ಇಲ್ಲ.

"ಬಸಲಿಂಗಕ್ಕಾ, ನಿನ್ನ ರೊಟ್ಟಿ ಹಂಚು ಕೊಡು."

"ಅಯ್ಯ, ರೊಟ್ಟಿ ಬಡ್ಯಾಂವ ಏನು?" ಎಂದು ಒಳಗಿನಿಂದ ಬಸಲಿಂಗವ್ವ ನಕ್ಕಳು.

"ಅಷ್ಟು ದಪ್ಪ ಕಬ್ಬಿಣ ನಿಮ್ಮ ಬಿಲ್ಡಿಂಗಿನ್ಯಾಗ ಇನ್ನೆಲ್ಲೈತಿ ಹೇಳು?"

ಊರಿನಿಂದ ತಂದ ಸಪಾಟಾದ ಹಂಚು ಮೇಜಿಗೆ ಬಂತು, ಅದರ ಮೇಲೆ ಗೇಜು ಗಟ್ಟಿಯಾಗಿ ನಿಂತಿತು. ಮೊನೆಯ ಜಾಗದಲ್ಲಿ ಕಾಶಪ್ಪ ಉಕ್ಕಿನ ನೇರ ಪಿನ್ನೊಂದನ್ನು ಹಾಕಿಸಿ ಗೇಜಿನ ಕಡ್ಡಿ ಅದಕ್ಕೆ ತಾಗುವಂತೆ ಮಾಡಿದ. ನೇತ್ರಾ ಮೊನೆಯನ್ನು ತಿರುಗಿಸುವ ದಂಡವನ್ನು, ಸ್ಪಿಂಡಲನ್ನು, ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು. ಮುಳ್ಳು ದೂರ ಹೋಗಿ ತಿರುಗಿ ಬಂತು.

"ಎಂಟು ಗೆರಿ. ಒಂದು ಗೆರಿ ಅಂದ್ರ ಮಿಲಿಮೀಟರಿನ ನೂರನೇ ಪಾಲು. ತಲಿಕೂದಲಿನಷ್ಟು ಔಟ್ ಐತಿ ನೋಡು. ನಿನ್ನ ಮೊನಿ ಬರಿಯಾಕತ್ತಿಲ್ಲ, ಗಿರಕಿ ಹೊಡಿಯಾಕತ್ತೈತಿ."

ತಿರುಪು ಬಿಚ್ಚಿ, ಮೊನೆಯನ್ನು ಹಿಡಿಯುವ ಸೀಳು ಕೊಳವೆಯನ್ನು, ಅವರ ಭಾಷೆಯಲ್ಲಿ ಕಾಲೆಟ್ಟನ್ನು, ಹೊರಗೆ ತೆಗೆಸಿದ. ಆಮೇಲೆ ಸ್ಪಿಂಡಲಿನ ಬಾಯೊಳಗೆ ಕಿರುಬೆರಳ ಉಗುರು ಇಟ್ಟು ಸುತ್ತ ಆಡಿಸಿದ. ಕೈ ನಡುಗುತ್ತಲೇ ಇತ್ತು. ಉಗುರು ಮಾತ್ರ ಒಂದು ಕಡೆ ಬಂದು ತಡೆದು ನಿಂತಿತು.

"ಇಲ್ಲಿ ಏನೋ ಕುಂತೈತಿ."

ಊದಿನಕಡ್ಡಿಗೆ ಒದ್ದೆ ಬಿಳಿ ಬಟ್ಟೆ ಸುತ್ತಿ ನೇತ್ರಾ ಒಳಗೆ ಆಡಿಸಿದಳು. ಬಟ್ಟೆ ಹೊರಗೆ ಬಂದಾಗ ಅರ್ಧ ಹಳದಿ, ಅರ್ಧ ಕೆಂಪು.

ಕಾಶಪ್ಪ ಗಹಗಹಿಸಿ ನಕ್ಕ. "ಖಂಡೇ ಪೂಜಿ ಜೋರ್ ಮಾಡೀರಿ!"

ನೇತ್ರಾಗೆ ಎಲ್ಲ ನೆನಪಾಯಿತು. ದಸರೆಯ ಆಯುಧಪೂಜೆಯ ಆ ದಿನ ಮಶೀನು ಬಿಚ್ಚಿ, ಒರೆಸಿ, ಕಾಲೆಟ್ಟನ್ನು ತಟ್ಟೆಯಲ್ಲಿಟ್ಟು ಸ್ನಾನಕ್ಕೆ ಹೋಗಿದ್ದಳು. ಬರುವಷ್ಟರಲ್ಲಿ ಮಶೀನಿಗೆ ಮೂರು ಪಟ್ಟೆ ವಿಭೂತಿ, ಅದರ ಬಾಯಿಗೆ ದಪ್ಪಗೆ ಕಲಸಿದ ಅರಿಶಿನ ಕುಂಕುಮ. "ದುಡಿದು ತಿನ್ನೂ ಬಾಯಿ, ಅದಕ್ಕ ಮೊದಲ ಹಚ್ಚಬೇಕವಾ" ಎಂದಿದ್ದಳು ಬಸಲಿಂಗವ್ವ, ಮುಖ ತುಂಬ ನಗುತ್ತ. ಸೊಸೆಯ ಆಟಿಕೆ ಎಂದು ಉಳಿದವರೆಲ್ಲ ನಗುವ ಮಶೀನಿಗೆ ಅತ್ತೆ ಪೂಜೆ ಮಾಡಿದ್ದಳು. ಒರೆಸಿದರೆ ಅಪಚಾರವಾದೀತೆಂದು ನೇತ್ರಾ ಹಾಗೆಯೇ ಕಾಲೆಟ್ ಕೂರಿಸಿದ್ದಳು.

"ಯಾರು ಹಚ್ಚಿದ್ದು?" ಎಂದು ಕೇಳಿದ ಕಾಶಪ್ಪ.

ಅಡುಗೆಮನೆಯಲ್ಲಿ ಸೊಪ್ಪು ಹೆಚ್ಚುವ ಸದ್ದು ನಿಂತಿತು.

"ನಾನ ಕಾಕಾ" ಎಂದಳು ನೇತ್ರಾ. "ತಿಳೀದ ಹಚ್ಚಿಬಿಟ್ಟೆ."

ಕಾಶಪ್ಪ ಒಮ್ಮೆ ಅಡುಗೆಮನೆಯತ್ತ ನೋಡಿದ, ಒಮ್ಮೆ ಅವಳತ್ತ. "ತಪ್ಪೇನಿಲ್ಲ ಬಿಡು. ನಾವೂ ಹಚ್ಚತಿದ್ವಿ. ಆದ್ರ ನಮ್ಮ ಮೇಸ್ತ್ರಿ ಮೋನಪ್ಪ, ಮಂಗಳೂರು ಕಡಿಯಾಂವ, ಪೂಜಿಗೆ ಮುಂಚೆ ಎಲ್ಲಾ ಮಶೀನಿನ ಬಾಯಿಗೂ ಬೂಚು ಬಡಿಸ್ತಿದ್ದ."

ಬಾಯಿ ಶುಚಿಯಾದ ಮೇಲೆ ಅಳೆದರೆ ಮೂರು ಗೆರೆ. ನೇತ್ರಾಗೆ ಅಷ್ಟೇ ಹಬ್ಬವಾಗಿತ್ತು. ಕಾಶಪ್ಪ ಒಪ್ಪಲಿಲ್ಲ. ಕಾಲೆಟ್ಟಿನ ಮೇಲೊಂದು, ಸ್ಪಿಂಡಲಿನ ಮೇಲೊಂದು ಪೆನ್ಸಿಲ್ ಗುರುತು ಹಾಕಿಸಿದ. ಕಾಲೆಟ್ಟನ್ನು ಕಾಲು ಸುತ್ತು ತಿರುಗಿಸಿ ಕೂರಿಸು, ಬಿಗಿ ಮಾಡು, ಅಳೆ. ಮತ್ತೆ ಬಿಚ್ಚು, ಮತ್ತೆ ಕಾಲು ಸುತ್ತು. ಕಾಲೆಟ್ಟಿನ ಓರೆಯೂ ಸ್ಪಿಂಡಲಿನ ಓರೆಯೂ ಒಂದಕ್ಕೊಂದು ವಜಾ ಆಗುವ ಒಂದು ಜಾಗ ಇದ್ದೇ ಇರುತ್ತದೆ ಎಂಬುದು ಅವನ ನಂಬಿಕೆ. ಕಣ್ಣು ಅವನದು, ಕೈ ಅವಳದು. ಮೂರನೆಯ ಜಾಗದಲ್ಲಿ ಮುಳ್ಳು ಗೆರೆಯೊಂದನ್ನು ದಾಟಿತೋ ಇಲ್ಲವೋ ಎಂಬಂತೆ ಆಡಿ ಮರಳಿತು.

"ಒಂದು ಗೆರಿ!" ಸಂತೋಷಕ್ಕೆ ಕಾಶಪ್ಪ ಮೇಜಿನ ಮೇಲೆ ಕೈಯೂರಿದ. ಮುಳ್ಳು ಗಡಗಡ ನಡುಗಿತು. ಆತ ಕೈಯತ್ತ ನೋಡಿ, ಸಣ್ಣಗೆ ನಕ್ಕು, ಎತ್ತಿಕೊಂಡ. ಮುಳ್ಳು ನಿಂತಿತು. ಈ ಮನುಷ್ಯನ ಕೈ ನೋಡಿ ತಾನು ಕುಗ್ಗಿದ್ದು ನೆನೆದು ನೇತ್ರಾಗೆ ನಾಚಿಕೆಯಾಯಿತು.

ಹೊಸ ಮೊನೆ ಹಾಕಿ, ಹಿತ್ತಾಳೆಯ ತುಂಡೊಂದರ ಮೇಲೆ ಜೋಳದ ಕಾಳಿನಷ್ಟು ಅಕ್ಷರದಲ್ಲಿ ಅವನದೇ ಹೆಸರು ಕೊರೆದು ಕೈಗಿಟ್ಟಳು. ಗೇಜಿನ ಗೆರೆ ಕಂಡರೂ ಇಷ್ಟು ಸಣ್ಣ ಅಕ್ಷರ ಚಷ್ಮಾ ಮರೆತು ಬಂದಿದ್ದ ಕಾಶಪ್ಪನಿಗೆ ಕಾಣಲಿಲ್ಲ, ಉಗುರಿನಿಂದ ಓದಿದ.

"ಪ ಬಂತು... ಕೆಳಗ ಒತ್ತೂ ಐತಿ" ಎಂದ. ಮತ್ತೆ ಮೊದಲ ಅಕ್ಷರದಿಂದ ಉಗುರಾಡಿಸಿದ.

ಫೋನ್ ಬಂತು. ಗಿರಾಕಿ ಸ್ಟೇಷನ್ನಿನಲ್ಲಿ ಇಳಿದಿದ್ದ. "ನಹೀಂ ಭಾಯ್‌ಸಾಬ್, ಮಶೀನ್ ಬೇಚ್ನಾ ನಹೀಂ ಹೈ. ಮಾಫ್ ಕರನಾ" ಎಂದಳು ನೇತ್ರಾ. ಮಶೀನು ಮಾರುವುದಿಲ್ಲವೆಂದು ಸಂತುವಿಗೆ ಆಮೇಲೆ ಹೇಳಿದರಾಯಿತು.

ಬಸಲಿಂಗವ್ವ ಹಂಚು ಒಯ್ಯಲು ಬಂದವಳು ಒಯ್ಯದೆ ದೇವರ ಜಗುಲಿಯತ್ತ ಹೋದಳು. ಕುಂಕುಮದ ಭರಣಿ ಹಿಡಿದು ಬಂದು ಮಶೀನಿನ ಮುಂದೆ ನಿಂತಳು. ನೇತ್ರಾ ಅಡ್ಡ ಹಿಡಿಯಲು ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಬಸಲಿಂಗವ್ವ ಮಶೀನಿನ ಬಾಯಿ ನೋಡಿದಳು, ಸೊಸೆಯ ಮುಖ ನೋಡಿದಳು. ಆಮೇಲೆ ನೋಯುವ ಮೊಣಕಾಲು ಮಡಚಿ ನಿಧಾನವಾಗಿ ನೆಲಕ್ಕೆ ಕೂತು, ಮೇಜಿನ ಕಾಲಿಗೆ ಕುಂಕುಮ ಹಚ್ಚಿದಳು.