ಮೂರು ಕವಲಿನ ಗೆರೆ

ಗಂಡನ ತಂಗಿಗೆ ಆ ಕೆಲಸ ಕೊಡಿಸಿದ್ದು ಅತ್ತಿಗೆಯೇ. ಅದನ್ನು ನೆನೆದಾಗಲೆಲ್ಲ ಈಗ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಕೆಲಸವೇನೋ ಸರಳ. ಪರಮಾಣುವನ್ನು ಒಡೆದಾಗ ಸಿಡಿಯುವ ಕಣಗಳು ಹಾದುಹೋದ ದಾರಿಯ ಫೋಟೋವನ್ನು ಯಂತ್ರ ಹಿಡಿಯುತ್ತದೆ. ಕತ್ತಲೆ ಕೋಣೆಯಲ್ಲಿ ಬಿಳಿ ಮೇಜಿನ ಮೇಲೆ ಸಿನಿಮಾದಂತೆ ಬೆಳಕು ಹಾಯಿಸಿ ಅದನ್ನು ಬೀಳಿಸಿ, ಕೂದಲೆಳೆಯಂಥ ಗೆರೆಗಳನ್ನು ದಿನವಿಡೀ ನೋಡಬೇಕು. ಎಲೆಕ್ಟ್ರಾನು, ಪ್ರೋಟಾನುಗಳ ಗೆರೆ ಬೇಕಾದಷ್ಟು; ಅವಕ್ಕೆ ಕಿಮ್ಮತ್ತಿಲ್ಲ. ಒಂದೇ ಗೆರೆ ತಟ್ಟನೆ ಮೂರಾಗಿ ಕವಲೊಡೆದಿದ್ದರೆ ಅಪರೂಪದ ಕಣವೊಂದು ಅಲ್ಲಿ ಸತ್ತಿದೆ ಎಂದರ್ಥ. ಹಾಗೆ ಒಬ್ಬರಿಗೆ ಕಂಡರೆ ಸಾಲದು. ಎರಡನೆಯವರೂ ಬೇರೆಯಾಗಿ ನೋಡಿ ಹೌದೆನ್ನಬೇಕು. ಇಲ್ಲವಾದರೆ ಫೋಟೋ ಕಸದ ಬುಟ್ಟಿಗೆ.

ಅತ್ತಿಗೆ ತಲೆ ನರೆಯುವವರೆಗೆ ನೋಡಿದರೂ ಆ ಮೂರು ಕವಲು ಅವಳಿಗೆ ಒಲಿದಿರಲಿಲ್ಲ. ನಿನ್ನೆ ಮೊನ್ನೆ ಬಂದ ನಾದಿನಿಗೆ ಒಲಿಯಿತು!

“ಅತ್ತಿಗೇ, ಎಡಗಡೆ ಕೆಳಗೆ, ಮೂಲೇಲಿ! ಹೇಳಬಾರದು, ಗೊತ್ತು. ಆದ್ರೆ ತಡ್ಕೊಳ್ಳೋಕೆ ಆಗ್ತಿಲ್ಲ,” ಎಂದು ಅವಳು ಊಟಕ್ಕೆ ಮುಂಚೆ ಕೈತೊಳೆಯುವಲ್ಲೇ ಕುಣಿದಳು.

ಮನೆಯಲ್ಲೂ ಇದೇ ಕಥೆ. ಅತ್ತೆಗೆ ಮಗಳೆಂದರೆ ಚಿನ್ನ, ಗಂಡನಿಗೆ ತಂಗಿಯೆಂದರೆ ಪ್ರಾಣ. ಅತ್ತಿಗೆಗೆ ತನ್ನದೆಂದು ಉಳಿದಿದ್ದು ಈ ಮೇಜೊಂದೇ. ಅದಕ್ಕೂ ಕಲ್ಲು ಬಿತ್ತು.

ಊಟವಾದ ಮೇಲೆ ಆ ಫೋಟೋ ಅವಳ ಮೇಜಿಗೇ ಬಂತು. ಎಡಗಡೆ, ಕೆಳಗೆ. ಕುರುಡರಿಗೂ ಕಾಣಬೇಕು, ಅಷ್ಟು ಸ್ಫುಟವಾಗಿತ್ತು.

“ಏನಮ್ಮ, ಇದೆಯಾ?” ಮೇಲ್ವಿಚಾರಕರು ಕೇಳಿದರು.

“ಏನೂ ಇಲ್ಲ ಸಾರ್. ಗೆರೆಗಳು ಒಂದರ ಮೇಲೊಂದು ಬಿದ್ದಿವೆ, ಅಷ್ಟೇ.”

ಅವರು ತಲೆಯಾಡಿಸಿ ಫೋಟೋ ತೆಗೆದು ಬುಟ್ಟಿಗೆ ಹಾಕಿದರು.

ಇನ್ನು ನಾದಿನಿ ರಂಪ ಮಾಡುತ್ತಾಳೆ, ಮನೆಯವರೆಗೂ ದೂರು ಒಯ್ಯುತ್ತಾಳೆ ಎಂದು ಅತ್ತಿಗೆ ಟೊಂಕ ಕಟ್ಟಿಯೇ ಕೂತಿದ್ದಳು. ಉತ್ತರಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು.

ನಾದಿನಿ ಬಂದಳು. ಮುಖ ಸಪ್ಪಗಿತ್ತು, ಅಷ್ಟೇ.

“ನೀವೇ ನೋಡಿದ್ದು ಒಳ್ಳೇದಾಯ್ತು ಅತ್ತಿಗೆ. ನಿಮ್ಮ ಕಣ್ಣಿಗೇ ಕಾಣಲಿಲ್ಲ ಅಂದ್ಮೇಲೆ ಅದು ಇರಲೇ ಇಲ್ಲ ಬಿಡಿ. ನಂಗೆ ನೋಡೋದನ್ನ ಇನ್ನೊಂದ್ಸಲ ಹೇಳಿಕೊಡ್ತೀರಾ?” ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು.

ಅತ್ತಿಗೆ ಹೊಸ ಫೋಟೋ ಬೀಳಿಸಿದಳು. ಒಂದು ಗೆರೆಯೂ ಕಾಣಲಿಲ್ಲ; ಕಣ್ಣು ಮಂಜಾಗಿತ್ತು. ಹೀಗೆ ಇನ್ನೊಬ್ಬರನ್ನು ನಂಬುವುದು ತನಗೆ ಈ ಜನ್ಮದಲ್ಲಿ ಬಂದಿರಲಿಲ್ಲ. ಅದಕ್ಕೂ ಅವಳಿಗೆ ಹೊಟ್ಟೆ ಉರಿಯಿತು.